ಕವರ್ ಹಾಡು ಯಾಕೆ ಇಷ್ಟವಾಗುತ್ತದೆ? ‘ಇದೇ ಒರಿಜಿನಲ್’ ಎಂಬ ಫಾರ್ವರ್ಡ್ ನಂಬುವ ಮುನ್ನ ಓದಿ

“ಇದೇ ಒರಿಜಿನಲ್ ಧಾಟಿ, ಉಳಿದದ್ದೆಲ್ಲ ಕಾಪಿ.” “ಖ್ಯಾತ ಗಾಯಕರು ತೀರಿಕೊಳ್ಳುವ ಮುನ್ನ ಹಾಡಿದ ಕೊನೆಯ ಹಾಡು, ಎಲ್ಲರಿಗೂ ಕಳಿಸಿ.” ಇಂಥ ಸಾಲು ಹೊತ್ತ ವಿಡಿಯೋ ನಿಮ್ಮ ವಾಟ್ಸ್ಆ್ಯಪ್ ಗ್ರೂಪಿಗೂ ಬಂದಿರಬಹುದು. ಹಾಡು ನಿಜಕ್ಕೂ ಚೆನ್ನಾಗಿರುತ್ತದೆ, ನಾವು ತಕ್ಷಣ ಮುಂದಕ್ಕೆ ಕಳಿಸುತ್ತೇವೆ. ಆದರೆ ಹಾಡಿದ್ದು ಮಣಿಪಾಲದ ಹಾಸ್ಟೆಲ್ ರೂಮಿನಲ್ಲಿ ಕುಳಿತ ವಿದ್ಯಾರ್ಥಿನಿಯೋ, ಕಾರ್ಕಳದ ಭಜನಾ ಮಂಡಳಿಯೋ ಆಗಿದ್ದರೆ? ಅವರ ಹೆಸರು ದಾರಿಯಲ್ಲೇ ಬಿದ್ದುಹೋಗಿರುತ್ತದೆ.

ಹಾಡು ಇಷ್ಟವಾಗುವುದು ಯಾಕೆ, ಅದರ ಜೊತೆ ಬರುವ ಸಾಲನ್ನು ನಂಬಬಹುದೇ? ಎರಡನ್ನೂ ನೋಡೋಣ.

ಗೊತ್ತಿರುವ ಹಾಡು, ಗೊತ್ತಿಲ್ಲದ ತಿರುವು

ಒಬ್ಬರು ಈಗಾಗಲೇ ಹಾಡಿದ ಹಾಡನ್ನು ಇನ್ನೊಬ್ಬರು ತಮ್ಮ ರೀತಿಯಲ್ಲಿ ಹಾಡಿದರೆ ಅದು ಕವರ್. ಇದು ಹಿಡಿಸಲು ಮೊದಲ ಕಾರಣ ಪರಿಚಯ. ಮನಶ್ಶಾಸ್ತ್ರಜ್ಞ ರಾಬರ್ಟ್ ಝಯಾಂಕ್ 1968ರಲ್ಲಿ ಅರ್ಥವಿಲ್ಲದ ಪದಗಳು, ಅಪರಿಚಿತ ಲಿಪಿಯಂಥ ಚಿಹ್ನೆಗಳು, ಮುಖಗಳ ಫೋಟೋಗಳನ್ನು ಜನರಿಗೆ ತೋರಿಸಿದರು. ಹೆಚ್ಚು ಸಲ ನೋಡಿದ್ದನ್ನೇ ಜನ ಹೆಚ್ಚು ಇಷ್ಟಪಟ್ಟರು. ಹಲವು ಸಲ ಕೇಳಿದ ಹಾಡು ಮನಸ್ಸಿಗೆ ಹತ್ತಿರವಾಗುವುದೂ ಹೀಗೆಯೇ.

ಎರಡನೆಯದು ನಿರೀಕ್ಷೆ. 2011ರಲ್ಲಿ ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು, ಮೈ ಜುಮ್ಮೆನ್ನಿಸುವ ಸಂಗೀತ ಕೇಳುತ್ತಿದ್ದವರ ಮೆದುಳನ್ನು ಸ್ಕ್ಯಾನ್ ಮಾಡಿದರು. ಖುಷಿಯ ಘಳಿಗೆಯಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತಿತ್ತು. ಆ ಘಳಿಗೆ ಬರುವ ಮೊದಲೇ, ಅದನ್ನು ಕಾಯುವಾಗಲೂ, ಮೆದುಳಿನ ಬೇರೊಂದು ಭಾಗದಲ್ಲಿ ಅದು ಬಿಡುಗಡೆಯಾಗುತ್ತಿತ್ತು. ಇದು ಸಣ್ಣ ಅಧ್ಯಯನ, ಕವರ್ ಹಾಡುಗಳ ಮೇಲೆ ಮಾಡಿದ್ದೂ ಅಲ್ಲ. ಆದರೂ ಕವರ್ ಕೇಳುವಾಗಿನ ಅನುಭವಕ್ಕೆ ಹೊಂದುತ್ತದೆ. ಮುಂದಿನ ಸಾಲು ನಮಗೆ ಗೊತ್ತು, ಆದರೆ ಗಾಯಕಿ ಅದನ್ನು ಎಲ್ಲಿ ಎಳೆಯುತ್ತಾಳೆ, ಎಲ್ಲಿ ನಿಲ್ಲಿಸುತ್ತಾಳೆ ಗೊತ್ತಿಲ್ಲ.

ಉಡುಪಿ ಕೃಷ್ಣನ ಹಾಡಿಗೆ ಒರಿಜಿನಲ್ ಯಾವುದು?

‘ಕೃಷ್ಣಾ ನೀ ಬೇಗನೆ ಬಾರೋ’ ನಮ್ಮೂರಿಗೆ ಸೇರಿದ ಉದಾಹರಣೆ. ವ್ಯಾಸರಾಯರದ್ದೆಂದು ಹಾಡುತ್ತ ಬಂದಿರುವ ಈ ಕೀರ್ತನೆಯ ಕೊನೆಯ ಚರಣದಲ್ಲಿ ಉಡುಪಿಯ ಹೆಸರೇ ಇದೆ. ನಾವು ಇಂದು ಇದನ್ನು ಹೆಚ್ಚಾಗಿ ಕೇಳುವುದು ಯಮುನಾ ಕಲ್ಯಾಣಿ ರಾಗದಲ್ಲಿ. ನೃತ್ಯಗಾತಿ ಬಾಲಸರಸ್ವತಿ ಇದಕ್ಕೆ ಅಭಿನಯಿಸಿದ್ದನ್ನು ಸತ್ಯಜಿತ್ ರಾಯ್ 1976ರ ‘ಬಾಲಾ’ ಸಾಕ್ಷ್ಯಚಿತ್ರದಲ್ಲಿ ಸೆರೆಹಿಡಿದರು. 1996ರಲ್ಲಿ ಹರಿಹರನ್ ಮತ್ತು ಲೆಸ್ಲೀ ಲೂಯಿಸ್ ಜೋಡಿ ‘ಕಲೋನಿಯಲ್ ಕಸಿನ್ಸ್’ ಆಲ್ಬಮ್ಮಿನಲ್ಲಿ ಇದಕ್ಕೆ ಗಿಟಾರು, ಇಂಗ್ಲಿಷ್ ಸಾಲು ಸೇರಿಸಿದರು. ಕನ್ನಡ ಬಾರದ ಎಷ್ಟೋ ಮಂದಿ ಈ ಹಾಡನ್ನು ಮೊದಲು ಕೇಳಿದ್ದು ಅಲ್ಲಿಯೇ. ಅವರ ಕಿವಿಗೆ ಅದೇ ‘ಒರಿಜಿನಲ್’.

ಹಾಗಾದರೆ ನಿಜವಾದ ಮೂಲ ಧಾಟಿ? ದಾಸರ ಪದಗಳಲ್ಲಿ ಹೆಚ್ಚಿನವುಗಳ ಮೂಲ ಸಂಗೀತ ಬರವಣಿಗೆಯಲ್ಲಿ ಉಳಿದು ಬಂದಿಲ್ಲ. ಸಾಹಿತ್ಯ ಉಳಿಯಿತು, ಧಾಟಿಯನ್ನು ನಂತರದವರು ಕೂಡಿಸುತ್ತ ಬಂದರು. ಕಛೇರಿಯ ನಿಧಾನ ಗತಿ, ಕುಣಿತ ಭಜನೆಯ ಜೋರು ತಾಳ, ಫ್ಯೂಷನ್ ಬ್ಯಾಂಡ್ ಎಲ್ಲವೂ ಆ ಸಾಲಿನಲ್ಲೇ ಬರುತ್ತವೆ. ಆದ್ದರಿಂದ ದೇವರನಾಮದ ಮೇಲೆ “ಇದೇ ಒರಿಜಿನಲ್ ಧಾಟಿ” ಎಂದು ಬರೆದಿದ್ದರೆ ನಂಬಬೇಡಿ.

ದಾಸರು ಹೆಸರನ್ನು ಹಾಡಿನೊಳಗೇ ಇಟ್ಟರು

ಧಾಟಿ ಬದಲಾದರೂ ಕರ್ತೃವಿನ ಹೆಸರು ಕಳೆದುಹೋಗದಂತೆ ದಾಸರು ಒಂದು ಉಪಾಯ ಮಾಡಿದ್ದರು. ಅದೇ ಅಂಕಿತ. ಪುರಂದರದಾಸರದ್ದು ‘ಪುರಂದರವಿಠಲ’, ಕನಕದಾಸರದ್ದು ‘ಕಾಗಿನೆಲೆಯಾದಿಕೇಶವ’, ವಾದಿರಾಜರದ್ದು ‘ಹಯವದನ’, ವ್ಯಾಸರಾಯರದ್ದು ‘ಶ್ರೀಕೃಷ್ಣ’. ಯಾರು ಹಾಡಿದರೂ ಕೊನೆಯ ಚರಣಕ್ಕೆ ಬಂದಾಗ ಹೆಸರು ಹೇಳಲೇಬೇಕು. ತೊಂದರೆ ಏನೆಂದರೆ, ಚಿಕ್ಕ ಸ್ಟೇಟಸ್‌ನಲ್ಲಿ ಪಲ್ಲವಿ ಮಾತ್ರ ಉಳಿದು ಅಂಕಿತವೇ ಕತ್ತರಿಯಾಗುತ್ತದೆ. ಸಿನಿಮಾ ಹಾಡಿಗಂತೂ ಅಂಕಿತವೇ ಇಲ್ಲ. ಅಲ್ಲಿ ಬರೆದವರ, ರಾಗ ಹಾಕಿದವರ ಹೆಸರು ವಿವರಣೆಯ ಸಾಲಿನಲ್ಲಷ್ಟೇ ಇರುತ್ತದೆ, ಫಾರ್ವರ್ಡ್ ಆದಾಗ ಅದೂ ಮಾಯ.

“ಕ್ರೆಡಿಟ್ ಹಾಕಿದರೆ ಕೇಸ್ ಆಗಲ್ಲ” ನಿಜವೇ?

ನಿಜವಲ್ಲ. ಹೆಸರು ಹಾಕುವುದು ಮರ್ಯಾದೆ, ಅನುಮತಿಯೇ ಬೇರೆ. ಭಾರತದ ಕಾಪಿರೈಟ್ ಕಾಯ್ದೆಯಂತೆ ಸಾಹಿತ್ಯ ಮತ್ತು ಸಂಗೀತದ ಹಕ್ಕು ಕರ್ತೃವಿನ ಜೀವಿತಕಾಲ ಹಾಗೂ ನಂತರದ 60 ವರ್ಷ ಇರುತ್ತದೆ. ಧ್ವನಿಮುದ್ರಣಕ್ಕೆ ಪ್ರತ್ಯೇಕವಾಗಿ 60 ವರ್ಷ. ಅಂದರೆ ದಾಸರ ಸಾಹಿತ್ಯವನ್ನು ಯಾರೂ ಹಾಡಬಹುದು. ಆದರೆ ಇತ್ತೀಚೆಗೆ ಒಬ್ಬರು ಹಾಕಿದ ಧಾಟಿಗೆ, ಒಂದು ಕಂಪನಿ ಮಾಡಿದ ರೆಕಾರ್ಡಿಂಗಿಗೆ ಹಕ್ಕುದಾರರಿದ್ದಾರೆ.

2012ರ ತಿದ್ದುಪಡಿಯಲ್ಲಿ ಕವರ್ ಧ್ವನಿಮುದ್ರಣಕ್ಕೆಂದೇ 31ಸಿ ಎಂಬ ಕಲಂ ಬಂತು. ಮೊದಲ ರೆಕಾರ್ಡಿಂಗ್ ಆದ ವರ್ಷ ಮುಗಿದು 5 ವರ್ಷ ಕಳೆದಿರಬೇಕು. ಮೊದಲೇ ನೋಟಿಸ್ ಕೊಡಬೇಕು. ವರ್ಷಕ್ಕೆ ಕನಿಷ್ಠ 50,000 ಪ್ರತಿಗಳ ಲೆಕ್ಕದಲ್ಲಿ ರಾಯಧನ ಕಟ್ಟಬೇಕು. ಇನ್ನೊಂದು ಮುಖ್ಯ ಷರತ್ತು: ಹಿಂದೆ ಹಾಡಿದವರ ಹೆಸರು, ಚಿತ್ರ ಬಳಸಿ ಕೇಳುಗರನ್ನು ದಾರಿ ತಪ್ಪಿಸುವಂತಿಲ್ಲ. ಕವರನ್ನು ಬೇರೆ ಗಾಯಕರ ಫೋಟೋದೊಂದಿಗೆ ಹಂಚುವ ಫಾರ್ವರ್ಡ್‌ಗಳು ಮಾಡುವುದು ಅದನ್ನೇ.

ಹಾಗೆಂದು ಹೆದರಿ ಹಾಡುವುದನ್ನು ಬಿಡಬೇಕಿಲ್ಲ. ಟಿಕೆಟ್ ಇಲ್ಲದ ಹವ್ಯಾಸಿ ಕಾರ್ಯಕ್ರಮಕ್ಕೆ, ಧಾರ್ಮಿಕ ಸಂಸ್ಥೆಗಾಗಿ ಹಾಡುವುದಕ್ಕೆ ಕಾಯ್ದೆಯಲ್ಲೇ ವಿನಾಯಿತಿ ಇದೆ. ಯೂಟ್ಯೂಬ್‌ಗೆ ಹಾಕಿದಾಗ ಮಾತ್ರ ಹಕ್ಕುದಾರರು ವಿಡಿಯೋ ತಡೆಯಬಹುದು ಅಥವಾ ಜಾಹೀರಾತಿನ ಹಣ ಪಡೆಯಬಹುದು.

ಕಳಿಸುವ ಮುನ್ನ

• ವಿಡಿಯೋದ ಮೇಲೆ ಚಾನೆಲ್ ಹೆಸರು ಇದೆಯೇ ನೋಡಿ. ಇದ್ದರೆ ಡೌನ್‌ಲೋಡ್ ಮಾಡಿದ ತುಂಡಿನ ಬದಲು ಆ ಚಾನೆಲ್‌ನ ಲಿಂಕ್ ಕಳಿಸಿ. ಹಾಡಿದವರಿಗೆ ವೀಕ್ಷಣೆಯಾದರೂ ಸಿಗುತ್ತದೆ.
• ದೇವರನಾಮವಾದರೆ ಕೊನೆಯ ಚರಣದ ಅಂಕಿತ ಕೇಳಿ, ಆಮೇಲೆ ದಾಸರ ಹೆಸರು ಬರೆಯಿರಿ.
• “ಕೊನೆಯ ಹಾಡು” ಎಂದಿದ್ದರೆ ಪಲ್ಲವಿಯ ಪದಗಳನ್ನು ಹಾಕಿ ಯೂಟ್ಯೂಬ್‌ನಲ್ಲಿ ಹುಡುಕಿ, ಅಪ್‌ಲೋಡ್ ಆದ ದಿನಾಂಕ ನೋಡಿ. ತೀರಿಕೊಂಡ ಗಾಯಕರ ದನಿಯನ್ನು ಈಗ ಎಐ ಕೂಡ ಅನುಕರಿಸುತ್ತದೆ ಎಂಬುದು ನೆನಪಿರಲಿ.
• ಯಾರು ಹಾಡಿದ್ದೆಂದು ತಿಳಿಯದಿದ್ದರೆ “ಹಾಡಿದವರು ಗೊತ್ತಿಲ್ಲ” ಎಂದೇ ಬರೆಯಿರಿ. ಗ್ರೂಪಿನಲ್ಲಿ ಅವರನ್ನು ಬಲ್ಲವರೊಬ್ಬರು ಇದ್ದರೂ ಇರಬಹುದು.