ಪುರುಷ ಹಾರ್ಮೋನು ಮತ್ತು ರಕ್ತನಾಳ

ಟೆಸ್ಟೋಸ್ಟಿರೋನ್ ಎಂದೊಡನೆ ಗಡ್ಡ, ಮೀಸೆ, ಗಡಸು ದನಿ ನೆನಪಾಗುತ್ತವೆ. ವೃಷಣಗಳಲ್ಲಿ ತಯಾರಾಗುವ ಈ ಹಾರ್ಮೋನಿಗೆ ರಕ್ತನಾಳಗಳಲ್ಲೂ ಕೆಲಸವಿದೆ.

ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಉತ್ಪಾದಿಸುತ್ತದೆ. ಇದರಿಂದ ನಾಳದ ಸ್ನಾಯು ಸಡಿಲಗೊಂಡು ರಕ್ತ ಸರಾಗವಾಗಿ ಹರಿಯುತ್ತದೆ. ಈ ಅನಿಲದ ಪಾತ್ರವನ್ನು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ಟೆಸ್ಟೋಸ್ಟಿರೋನ್ ಇದರ ಉತ್ಪತ್ತಿಯನ್ನು ಹೆಚ್ಚಿಸುತ್ತದೆ, ಸ್ನಾಯುಕೋಶದೊಳಕ್ಕೆ ಕ್ಯಾಲ್ಸಿಯಂ ನುಗ್ಗುವುದನ್ನು ತಗ್ಗಿಸಿ ನಾಳವನ್ನು ಹಿಗ್ಗಿಸುತ್ತದೆ ಎಂದು ಪ್ರಯೋಗಾಲಯಗಳಲ್ಲಿ ಕಂಡುಬಂದಿದೆ.

ಬೊಜ್ಜು, ಸಕ್ಕರೆ ಕಾಯಿಲೆ ಇರುವ ಅನೇಕ ಪುರುಷರಲ್ಲಿ ಈ ಹಾರ್ಮೋನು ಕಡಿಮೆ ಇರುತ್ತದೆ. ಹಾಗಾದರೆ ಹೊರಗಿನಿಂದ ಕೊಟ್ಟರೆ ಹೃದಯಕ್ಕೆ ರಕ್ಷಣೆ ಸಿಗುವುದೇ? ಅಂಥ ಪುರಾವೆ ಇಲ್ಲ. ಹಾರ್ಮೋನು ಕೊರತೆ ಹಾಗೂ ಹೃದ್ರೋಗದ ಅಪಾಯವಿದ್ದ 5 ಸಾವಿರಕ್ಕೂ ಹೆಚ್ಚು ಪುರುಷರ ಅಧ್ಯಯನವೊಂದು 2023ರಲ್ಲಿ ಪ್ರಕಟವಾಯಿತು. ಹಾರ್ಮೋನು ಲೇಪಿಸಿಕೊಂಡವರಲ್ಲಿ ಹೃದಯಾಘಾತ ಹೆಚ್ಚಲಿಲ್ಲ, ಕಡಿಮೆಯೂ ಆಗಲಿಲ್ಲ. ಆದರೆ ಹೃದಯ ಬಡಿತದ ಏರುಪೇರು ತುಸು ಹೆಚ್ಚಿತ್ತು. ಕೊರತೆಯಿಲ್ಲದೆ ಇಂಜೆಕ್ಷನ್ ತೆಗೆದುಕೊಳ್ಳುವ ಯುವಕರಲ್ಲಿ ವೀರ್ಯಾಣುಗಳು ಕ್ಷೀಣಿಸಿ ಮಕ್ಕಳಾಗುವುದೇ ಕಷ್ಟವಾಗಬಹುದು.

ಇನ್ನೊಂದು ಮಾತು. ನಿಮಿರು ದೌರ್ಬಲ್ಯ ಕೆಲವೊಮ್ಮೆ ರಕ್ತನಾಳ ಕಾಯಿಲೆಯ ಮೊದಲ ಸೂಚನೆ. ಎದೆನೋವಿಗಿಂತ ಎಷ್ಟೋ ಮುಂಚೆಯೇ ಕಾಣಿಸಿಕೊಳ್ಳಬಹುದು. ಸಂಕೋಚಪಟ್ಟು ಮುಚ್ಚಿಡಬೇಡಿ, ಜಾಹೀರಾತಿನ ಔಷಧಿಗೆ ಮೊರೆಹೋಗಬೇಡಿ. ವೈದ್ಯರನ್ನು ಕಂಡು ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷಿಸಿಕೊಳ್ಳಿ. ಬೀಡಿ, ಸಿಗರೇಟು ಬಿಡಿ. ದಿನವೂ ಅರ್ಧ ಗಂಟೆ ಬಿರುಸಾಗಿ ನಡೆಯಿರಿ.