ಹಳೇ ಗೇಮಿಗೆ ಹೊಸ ಬಣ್ಣ: ಬರೀ ಬಳಿದರೆ ಸಾಲದು

ತೊಂಬತ್ತರ ದಶಕದ ಕಂಪ್ಯೂಟರ್ ಕ್ಲಾಸುಗಳಲ್ಲಿ ಮೇಷ್ಟ್ರ ಕಣ್ಣು ತಪ್ಪಿಸಿ ‘ಪ್ರಿನ್ಸ್ ಆಫ್ ಪರ್ಷಿಯಾ’ ಆಡಿದವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಅವರು ಆಡಿದ್ದು ಮೂಲ ಗೇಮ್ ಅಲ್ಲ, ಅದರ ಪೋರ್ಟ್. ಜೋರ್ಡನ್ ಮೆಕ್ನರ್ 1989ರಲ್ಲಿ ಅದನ್ನು ಬರೆದದ್ದು ಆಪಲ್ 2 ಕಂಪ್ಯೂಟರಿಗೆ. ಡಾಸ್ ಆವೃತ್ತಿ ಬಂದದ್ದು ಮರುವರ್ಷ. ಹೀಗೆ ಒಂದು ಯಂತ್ರದ ಗೇಮನ್ನು ಇನ್ನೊಂದಕ್ಕೆ ಒಗ್ಗಿಸುವುದು ಎಂಬತ್ತರ ದಶಕದ ಬ್ರಿಟನ್ನಿನಲ್ಲಿ ಭರ್ಜರಿ ಕಸುಬಾಗಿತ್ತು. ಒಂದು ಮನೆಯಲ್ಲಿ ಸಿಂಕ್ಲೇರ್ ಸ್ಪೆಕ್ಟ್ರಂ ಇದ್ದರೆ ಪಕ್ಕದ ಮನೆಯಲ್ಲಿ ಕೊಮೊಡೋರ್ 64, ಅದರಾಚೆಗೆ ಆಮ್‌ಸ್ಟ್ರಾಡ್ ಸಿಪಿಸಿ. ಅಂದು ಅವಸರದಲ್ಲಿ ಮುಗಿಸಿದ ಪೋರ್ಟ್‌ಗಳನ್ನು ಇಂದು ಹವ್ಯಾಸಿಗಳು ಪುರುಸೊತ್ತಾಗಿ ಕುಳಿತು ತಿದ್ದುತ್ತಿದ್ದಾರೆ. ಈ ಕೆಲಸದ ಬಗ್ಗೆ ತಪ್ಪು ತಿಳಿವಳಿಕೆಗಳಿಗೇನೂ ಕಡಿಮೆಯಿಲ್ಲ.

ತಪ್ಪು ಕಲ್ಪನೆ 1: ಹಳೇ ಪೋರ್ಟ್‌ಗಳು ಕಳಪೆಯಾದದ್ದು ಪ್ರೋಗ್ರಾಮರುಗಳ ಸೋಮಾರಿತನದಿಂದ.

ವಾಸ್ತವ: ಕಾರಣ ಸೋಮಾರಿತನವಲ್ಲ, ಗಡುವು. ಸ್ಪೆಕ್ಟ್ರಂ (1982) ಮತ್ತು ಸಿಪಿಸಿ (1984) ಎರಡರಲ್ಲೂ ಇದ್ದದ್ದು ಝಡ್80 ಪ್ರೊಸೆಸರ್. ಹಾಗಾಗಿ ಗೇಮಿನ ಒಳತರ್ಕವನ್ನು ಹಾಗೇ ಎತ್ತಿಕೊಂಡು, ಪರದೆ, ಕೀಬೋರ್ಡ್, ಶಬ್ದದ ಭಾಗಗಳನ್ನಷ್ಟೇ ಬದಲಿಸಿದರೆ ಗೇಮ್ ಓಡುತ್ತಿತ್ತು. ಎಲ್ಲ ಆವೃತ್ತಿಗಳೂ ಕ್ರಿಸ್‌ಮಸ್ ವ್ಯಾಪಾರಕ್ಕೆ ಮೊದಲೇ ಅಂಗಡಿ ಸೇರಬೇಕೆನ್ನುವ ಪ್ರಕಾಶಕರಿಗೆ ಅಷ್ಟೇ ಸಾಕಿತ್ತು. ಐರೆಮ್ ಕಂಪನಿಯ ಆರ್ಕೇಡ್ ಗೇಮ್ ‘ಆರ್-ಟೈಪ್’ (1987) ಸಿಪಿಸಿಗೆ 1988ರಲ್ಲಿ ಬಂದದ್ದು ಸ್ಪೆಕ್ಟ್ರಂನ ಚಿತ್ರಗಳನ್ನೇ ಹೊತ್ತುಕೊಂಡು. ಆ ಯಂತ್ರದ ಬಣ್ಣಗಳನ್ನು ನಿಜವಾಗಿ ಬಳಸಿಕೊಂಡ ‘ಆರ್-ಟೈಪ್ 128ಕೆ’ ಹವ್ಯಾಸಿಗಳ ಕೈಯಿಂದ ಹೊರಬಂದದ್ದು 2012ರಲ್ಲಿ.

ತಪ್ಪು ಕಲ್ಪನೆ 2: ಚಿತ್ರ ಬದಲಿಸಿದರೆ ಸಾಕು, ಕೋಡ್ ಮುಟ್ಟಬೇಕಿಲ್ಲ.

ವಾಸ್ತವ: ಈ ಯಂತ್ರಗಳಲ್ಲಿ ಚಿತ್ರವನ್ನೂ ಕೋಡನ್ನೂ ಬೇರ್ಪಡಿಸಲು ಬರುವುದಿಲ್ಲ. ಸ್ಪೆಕ್ಟ್ರಂ ಪರದೆಯಲ್ಲಿ ಅಡ್ಡಕ್ಕೆ 256, ಉದ್ದಕ್ಕೆ 192 ಪಿಕ್ಸೆಲ್. ಪಿಕ್ಸೆಲ್ಲಿಗೆ ಒಂದು ಬಿಟ್, ಒಟ್ಟು 6,144 ಬೈಟ್. ಬಣ್ಣದ ಲೆಕ್ಕ ಪ್ರತ್ಯೇಕವಾಗಿ 768 ಬೈಟ್‌ಗಳಲ್ಲಿ ಇರುತ್ತದೆ: 8×8 ಪಿಕ್ಸೆಲ್‌ಗಳ ಒಂದೊಂದು ಚೌಕಕ್ಕೆ ಎರಡೇ ಬಣ್ಣ. ಸಿಪಿಸಿಯ ನಾಲ್ಕು ಬಣ್ಣದ ಪರದೆ-ವಿಧಾನವಾದ ಮೋಡ್ 1ರಲ್ಲಿ ಪಿಕ್ಸೆಲ್ಲಿಗೆ ಎರಡು ಬಿಟ್ ಬೇಕು. ಅದೇ ಚಿತ್ರ ಇಲ್ಲಿ 12,288 ಬೈಟ್ ನುಂಗುತ್ತದೆ.

ಅವಸರದ ಪೋರ್ಟ್ ಏನು ಮಾಡುತ್ತದೆಂದರೆ, ಸ್ಪೆಕ್ಟ್ರಂನ ಬೈಟ್ ತೆಗೆದುಕೊಂಡು ಮೇಲಿನ ನಾಲ್ಕು ಬಿಟ್‌ಗಳನ್ನು ಸಿಪಿಸಿಯ ಒಂದು ಬೈಟಿಗೆ ಹಾಕುತ್ತದೆ. ಕೆಳಗಿನ ನಾಲ್ಕನ್ನು ಮೇಲಕ್ಕೆ ಸರಿಸಿ ಪಕ್ಕದ ಬೈಟಿಗೆ ಹಾಕುತ್ತದೆ. ಚಿತ್ರವೇನೋ ಮೂಡುತ್ತದೆ. ಆದರೆ ನಾಲ್ಕು ಬಣ್ಣಕ್ಕೆ ಅವಕಾಶವಿರುವ ಕಡೆ ಬಳಕೆಯಾಗುವುದು ಎರಡೇ. ವೇಗವೂ ಕುಸಿಯುತ್ತದೆ. ಝಡ್80ರ ನಕಲು ಆಜ್ಞೆಯಾದ ಎಲ್‌ಡಿಐಆರ್‌ಗೆ ಸಿಪಿಸಿಯಲ್ಲಿ ಬೈಟಿಗೆ 6 ಮೈಕ್ರೋಸೆಕೆಂಡ್ ಬೇಕು. 12,288 ಬೈಟ್ ಸಾಗಿಸಲು ಸುಮಾರು 74 ಮಿಲಿಸೆಕೆಂಡ್ ಹಿಡಿಯುತ್ತದೆ. ಪರದೆ 20 ಮಿಲಿಸೆಕೆಂಡಿಗೊಮ್ಮೆ ಹೊಸದಾಗುತ್ತಿರುತ್ತದೆ. ಅಂದರೆ ಬರೀ ನಕಲಿಗೇ ಹೆಚ್ಚುಕಡಿಮೆ ನಾಲ್ಕು ಫ್ರೇಮ್ ಖರ್ಚು. ಇಷ್ಟಾದ ಮೇಲೆ ಶತ್ರುವನ್ನು ನಡೆಸುವುದು ಯಾವಾಗ, ಗುಂಡು ತಗುಲಿತೇ ಎಂದು ನೋಡುವುದು ಯಾವಾಗ?

ಆದ್ದರಿಂದ ತಿದ್ದುವವರು ಮೊದಲು ಕೈಹಾಕುವುದು ಇಲ್ಲಿಗೇ. ಇಡೀ ಪರದೆಯ ಬದಲು, ಏನಾದರೂ ಕದಲಿದ ಜಾಗವನ್ನಷ್ಟೇ ಮತ್ತೆ ಬರೆಯುತ್ತಾರೆ. ಸ್ಪ್ರೈಟ್‌ನ (ಕದಲುವ ಬಿಡಿ ಚಿತ್ರದ) ಸುತ್ತ ಹಿನ್ನೆಲೆ ಕಾಣಿಸಲು ಬೇಕಾದ ಮಾಸ್ಕನ್ನು ಪ್ರತಿ ಚಿತ್ರದ ಜೊತೆಗೂ ಇಟ್ಟುಕೊಳ್ಳದೆ, 256 ಬೈಟ್‌ಗಳ ಒಂದೇ ಪಟ್ಟಿಯಿಂದ ಓದಿಕೊಳ್ಳುತ್ತಾರೆ. ಇದರಿಂದ ಸ್ಪ್ರೈಟ್‌ಗಳು ಹಿಡಿಯುವ ಜಾಗ ಅರ್ಧಕ್ಕಿಳಿಯುತ್ತದೆ. ಹೊಸ ಚಿತ್ರಗಳಿಗೆ ಜಾಗ ಸಿಗುವುದು ಇಂಥ ಉಳಿತಾಯದಿಂದಲೇ.

ತಪ್ಪು ಕಲ್ಪನೆ 3: ಬಣ್ಣ ಹೆಚ್ಚಿದಷ್ಟೂ ಮೆಮೊರಿ ಹೆಚ್ಚು ಬೇಕು.

ವಾಸ್ತವ: ಸಿಪಿಸಿಯಲ್ಲಿ ಹಾಗಿಲ್ಲ. ಮೋಡ್ 1ರಲ್ಲಿ 320×200 ಪಿಕ್ಸೆಲ್, 4 ಬಣ್ಣ. ಮೋಡ್ 0ಯಲ್ಲಿ 160×200 ಪಿಕ್ಸೆಲ್, 16 ಬಣ್ಣ. ಎರಡಕ್ಕೂ ತಗಲುವುದು 16,000 ಬೈಟ್. ಬಣ್ಣಕ್ಕೆ ತೆರುವ ಬೆಲೆ ಪಿಕ್ಸೆಲ್‌ನ ಅಗಲ. ಸ್ಪೆಕ್ಟ್ರಂನಲ್ಲಿ 16 ಪಿಕ್ಸೆಲ್ ಅಗಲವಿದ್ದ ನಾಯಕ ಮೋಡ್ 0ಯಲ್ಲಿ ಅದೇ ಗಾತ್ರಕ್ಕೆ 8 ಪಿಕ್ಸೆಲ್ಲಿಗೆ ಇಳಿಯುತ್ತಾನೆ. ಮುಖಕ್ಕೆ ಸಿಗುವುದು ನಾಲ್ಕೋ ಐದೋ ಪಿಕ್ಸೆಲ್. ಕಣ್ಣು ಬಿಡಿಸಿದರೆ ಮೂಗಿಗೆ ಜಾಗವಿಲ್ಲ. ಹಳೇ ಚಿತ್ರವನ್ನು ಕುಗ್ಗಿಸಿ ಬಣ್ಣ ತುಂಬಿದರೆ ಅದು ಅಣ್ಣನ ಅಂಗಿಯನ್ನು ತಮ್ಮನಿಗೆ ಕತ್ತರಿಸಿ ಹೊಲಿದಂತೆಯೇ ಕಾಣುತ್ತದೆ. ಕಲಾವಿದ ಗೆರೆಯನ್ನು ಬಿಟ್ಟು ನೆರಳು-ಬೆಳಕಿನಲ್ಲಿ ಆಕಾರ ಮೂಡಿಸಬೇಕು, ಅಂದರೆ ಹೊಸದಾಗಿಯೇ ಬರೆಯಬೇಕು.

ಇಲ್ಲಿಯೂ ಕೋಡ್ ನೆರವಿಗೆ ಬರುತ್ತದೆ. ಸಿಪಿಸಿ ಸೆಕೆಂಡಿಗೆ 300 ಸಲ, ಅಂದರೆ ಒಂದು ಫ್ರೇಮಿಗೆ ಆರು ಸಲ ಪ್ರೊಸೆಸರನ್ನು ಎಚ್ಚರಿಸುತ್ತದೆ. ಆ ಕ್ಷಣ ಹಿಡಿದು ಬಣ್ಣಗಳ ಗುಂಪನ್ನೇ ಬದಲಿಸಿದರೆ, ಆಟದ ಅಂಗಳಕ್ಕೆ ಒಂದು ಗುಂಪು, ಕೆಳಗಿನ ಅಂಕಪಟ್ಟಿಗೆ ಬೇರೊಂದು ಗುಂಪು ಸಿಗುತ್ತದೆ.

ತಪ್ಪು ಕಲ್ಪನೆ 4: ವೇಗ ಹೆಚ್ಚಿದರೆ ಗೇಮ್ ಚೆನ್ನಾಗುತ್ತದೆ.

ವಾಸ್ತವ: ಕೆಲವೊಮ್ಮೆ ಕೆಟ್ಟೇ ಹೋಗುತ್ತದೆ. ತೊಮೊಹಿರೊ ನಿಶಿಕಾಡೊ ರಚಿಸಿದ ‘ಸ್ಪೇಸ್ ಇನ್ವೇಡರ್ಸ್’ (1978) ಒಂದು ಫ್ರೇಮಿಗೆ ಒಬ್ಬನೇ ಶತ್ರುವನ್ನು ಕದಲಿಸುತ್ತದೆ. 55 ಶತ್ರುಗಳಿದ್ದಾಗ ದಂಡು ಒಂದು ಹೆಜ್ಜೆ ಇಡಲು 55 ಫ್ರೇಮ್ ಬೇಕು. ಅವರು ಸಾಯುತ್ತ ಹೋದಂತೆ ಉಳಿದವರ ನಡಿಗೆ ಬಿರುಸಾಗುತ್ತದೆ, ಕೊನೆಯವನು ಓಡುತ್ತಾನೆ. ಆಟದ ಉಸಿರಿರುವುದೇ ಆ ಓಟದಲ್ಲಿ. ಎಲ್ಲರನ್ನೂ ಪ್ರತಿ ಫ್ರೇಮಿನಲ್ಲೂ ಒಟ್ಟಿಗೆ ಕದಲಿಸುವ ‘ಸುಧಾರಣೆ’ ಅದನ್ನು ಕೊಂದುಬಿಡುತ್ತದೆ. ಬಲ್ಲವರು ಚಿತ್ರ ಬಿಡಿಸುವ ವೇಗವನ್ನೂ ಆಟದ ಗತಿಯನ್ನೂ ಬೇರೆ ಮಾಡಿಕೊಳ್ಳುತ್ತಾರೆ. ಚಲನೆ ನಯವಾಗಬೇಕು, ನೆಗೆತದ ದೂರ, ಶತ್ರುವಿನ ಹೆಜ್ಜೆ ಹಾಗೇ ಉಳಿಯಬೇಕು.

ತಪ್ಪು ಕಲ್ಪನೆ 5: ಮೂಲ ಕೋಡ್ ಸಿಗದಿದ್ದರೆ ಕೆಲಸ ಅಸಾಧ್ಯ, ಸಿಕ್ಕರೆ ಸಲೀಸು.

ವಾಸ್ತವ: ಎರಡೂ ಪೂರ್ತಿ ನಿಜವಲ್ಲ. ‘ಪ್ರಿನ್ಸ್ ಆಫ್ ಪರ್ಷಿಯಾ’ದ ಮೂಲ ಕೋಡ್ ಇದ್ದ ಫ್ಲಾಪಿಗಳು ಮೆಕ್ನರ್ ಅವರ ತಂದೆಗೆ ಸಿಕ್ಕಿ, ಕೋಡ್ ಸಾರ್ವಜನಿಕವಾದದ್ದು 2012ರಲ್ಲಿ. ಕೊಮೊಡೋರ್ 64ರ ಪೋರ್ಟ್ ಅದಕ್ಕೂ ಮೊದಲೇ, 2011ರಲ್ಲಿ, ಆಪಲ್ ಆವೃತ್ತಿಯನ್ನು ಬಿಚ್ಚಿ ನೋಡಿ ತಯಾರಾಗಿತ್ತು. ಎರಡು ಯಂತ್ರಗಳ ಪ್ರೊಸೆಸರುಗಳೂ 6502ರ ಒಂದೇ ಕುಲದವು, ಅದು ಅನುಕೂಲವಾಯಿತು. 2018ರ ಬಿಬಿಸಿ ಮಾಸ್ಟರ್ ಪೋರ್ಟಿಗೆ ಮೂಲ ಕೋಡ್ ಆಧಾರವಾಗಿತ್ತು. ಆದರೂ ಆಪಲ್ 2 ಒಂದು ಬೈಟಿನಲ್ಲಿ ಏಳು ಪಿಕ್ಸೆಲ್ ಇಡುವ ಯಂತ್ರ. ಅದಕ್ಕೆಂದೇ ಬರೆದ ಚಿತ್ರದ ಭಾಗವನ್ನು ಬೇರೆ ಯಂತ್ರಕ್ಕೆ ಮತ್ತೆ ಬರೆಯದೆ ವಿಧಿಯಿಲ್ಲ.

ತಪ್ಪು ಕಲ್ಪನೆ 6: ಎಮ್ಯುಲೇಟರಿನಲ್ಲಿ ಓಡಿದರೆ ಗೆದ್ದಂತೆ.

ವಾಸ್ತವ: ಇಂದಿನ ಪಿಸಿಯಲ್ಲಿ ಕೋಡ್ ಬರೆದು, ಹಳೇ ಯಂತ್ರವನ್ನು ಅನುಕರಿಸುವ ಎಮ್ಯುಲೇಟರಿನಲ್ಲಿ ತಕ್ಷಣ ಪರೀಕ್ಷಿಸುವುದು ದೊಡ್ಡ ಸೌಕರ್ಯ, ನಿಜ. ಆದರೆ ಅಂತಿಮ ತೀರ್ಪು ಅಸಲಿ ಯಂತ್ರದ್ದು. ಸಿಪಿಸಿ 464ರಲ್ಲಿ ಇರುವುದು 64 ಕೆಬಿ, 1985ರ 6128ರಲ್ಲಿ 128 ಕೆಬಿ. ಹೆಚ್ಚಿನ ಮೆಮೊರಿ ನಂಬಿ ಅಲಂಕರಿಸಿದ ಗೇಮ್ ಚಿಕ್ಕ ಯಂತ್ರದವರ ಕೈತಪ್ಪುತ್ತದೆ. ಹಳೇ ಟಿವಿಯಲ್ಲಿ ಅಕ್ಕಪಕ್ಕದ ಚುಕ್ಕಿಗಳು ಬೆರೆತು ಹೊಸ ಛಾಯೆಯಾಗಿ ಕಂಡದ್ದು ಎಲ್‌ಸಿಡಿಯಲ್ಲಿ ಚದುರಂಗದ ಹಾಸಿನ ಹಾಗೆ ಒರಟಾಗಿ ಕಾಣುವುದೂ ಉಂಟು. ಎರಡರಲ್ಲೂ ನೋಡಿಯೇ ಬಣ್ಣ ನಿರ್ಧರಿಸಬೇಕು.

ತಪ್ಪು ಕಲ್ಪನೆ 7: ಹಳೇ ಗೇಮ್ ತಾನೇ, ಯಾರು ಬೇಕಾದರೂ ತಿದ್ದಿ ಹಂಚಬಹುದು.

ವಾಸ್ತವ: ಅಂಗಡಿಯಿಂದ ಮರೆಯಾದ ಮಾತ್ರಕ್ಕೆ ಹಕ್ಕು ಮರೆಯಾಗುವುದಿಲ್ಲ. ಭಾರತದ ಕಾನೂನಿನಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಸಾಹಿತ್ಯ ಕೃತಿಯ ಸಾಲಿಗೇ ಸೇರುತ್ತದೆ. ಅಂಥ ಕೃತಿಗಳಿಗೆ ಕರ್ತೃವಿನ ಮರಣದ ನಂತರ 60 ವರ್ಷ ರಕ್ಷಣೆಯಿದೆ. ಕೋಡ್ ಎಲ್ಲರಿಗೂ ಕಾಣುವಂತೆ ಇಟ್ಟರೆಂದರೆ ಹಕ್ಕು ಬಿಟ್ಟುಕೊಟ್ಟರೆಂದು ಅರ್ಥವಲ್ಲ. ಹಾಗಾಗಿಯೇ ಹಲವರು ಮೂಲ ಗೇಮನ್ನು ಹಂಚದೆ, ಅದರ ಮೇಲೆ ಹಚ್ಚಿಕೊಳ್ಳುವ ಬದಲಾವಣೆಗಳ ಕಡತವನ್ನಷ್ಟೇ ಕೊಡುತ್ತಾರೆ. ವರ್ಷಗಟ್ಟಲೆ ದುಡಿಯುವ ಮುನ್ನ ಹಕ್ಕುದಾರರು ಯಾರೆಂದು ವಿಚಾರಿಸಿ ಒಂದು ಪತ್ರ ಬರೆಯುವುದು ಮೇಲು. ಕೆಲಸ ಮುಗಿದ ಮೇಲೆ ಬರುವ ನೋಟಿಸಿಗಿಂತ ಶುರುವಿನಲ್ಲೇ ಬರುವ ‘ಬೇಡ’ ಅಗ್ಗ.