ಪೈಪ್ ಸೋರಿದ್ರೆ ಪ್ಲಂಬರ್‌ಗೆ ಕಾಯೋದು ಯಾಕೆ?

ನಮ್ಮ ಹಳ್ಳಿಗೆ ಪ್ಲಂಬರ್ ಬೇಕು ಅಂದ್ರೆ ತಾಲೂಕಿನಿಂದಲೇ ಬರಬೇಕು. ಸಣ್ಣ ಕೆಲಸಕ್ಕೆ ಅಷ್ಟು ದೂರ ಬಂದರೆ ಅವರಿಗೂ ಗಿಟ್ಟೋದಿಲ್ಲ. ಇವತ್ತು, ನಾಳೆ ಅಂತ ನಾಲ್ಕು ದಿನ ಹೋಗುತ್ತೆ. ಅಷ್ಟರಲ್ಲಿ ಕರೆಂಟ್ ಇದ್ದಾಗ ತುಂಬಿಸಿಟ್ಟ ಟ್ಯಾಂಕ್ ರಾತ್ರೋರಾತ್ರಿ ಖಾಲಿ. ಬೇಸಿಗೆಯಲ್ಲಿ ಹಾಲು ಕರೆಯುವ ಒಂದು ಸೀಮೆಹಸುವಿಗೇ ದಿನಕ್ಕೆ 50 ಲೀಟರ್ ಮೇಲೆ ಕುಡಿಯೋ ನೀರು ಬೇಕು. ಹಾಗಾಗಿ ಮನೆ, ಕೊಟ್ಟಿಗೆಯ ಸಣ್ಣಪುಟ್ಟ ಪೈಪ್ ಕೆಲಸವನ್ನೆಲ್ಲ ನಾನೇ ಮಾಡ್ಕೊಳ್ತೀನಿ. ಹ್ಯಾಕ್ಸಾ, ಪೈಪ್ ರೆಂಚ್, ಟೆಫ್ಲಾನ್ ಟೇಪ್, ಪಿವಿಸಿ ಸಲ್ಯೂಷನ್ ಡಬ್ಬಿ ಇದ್ರೆ ನೀವೂ ಮಾಡಬಹುದು.

ಮೊದಲು ನಲ್ಲಿ. ತೊಟ್ಟಿಕ್ಕೋ ನಲ್ಲಿ ಕೆಳಗೆ ಒಂದು ಲೀಟರ್ ಬಾಟಲಿ ಇಟ್ಟು ನೋಡಿ. ಎರಡು ಗಂಟೆಗೆ ತುಂಬಿದ್ರೆ ತಿಂಗಳಿಗೆ 360 ಲೀಟರ್ ಹೋಯ್ತು ಅಂತ ಲೆಕ್ಕ. ತಿರುಗಿಸೋ ಹಿತ್ತಾಳೆ ನಲ್ಲಿಯಾದರೆ ಸಾಮಾನ್ಯವಾಗಿ ಒಳಗಿನ ವಾಷರ್ ಸವೆದಿರುತ್ತೆ. ಗೇಟ್ ವಾಲ್ವ್ ಮುಚ್ಚಿ, ಮೇಲ್ಭಾಗ ಬಿಚ್ಚಿ, ಅದೇ ಅಳತೆಯ ವಾಷರ್ ಹಾಕಿ. ಪ್ಲಾಸ್ಟಿಕ್ ನಲ್ಲಿಯಾದರೆ ರಿಪೇರಿಗೆ ಕೂರಬೇಡಿ, ಹೊಸದೇ ಹಾಕಿ. ಹಾಕುವಾಗ ಥ್ರೆಡ್ ತುದಿ ನಿಮ್ಮ ಕಡೆ ಇಟ್ಟುಕೊಂಡು, ಗಡಿಯಾರದ ಮುಳ್ಳು ತಿರುಗೋ ದಿಕ್ಕಲ್ಲಿ ಟೇಪ್ ಸುತ್ತಿ. ಉಲ್ಟಾ ಸುತ್ತಿದ್ರೆ ಬಿಗಿ ಮಾಡುವಾಗ ಅದು ಬಿಚ್ಕೊಳ್ಳುತ್ತೆ.

ನಿಜವಾದ ತಲೆನೋವು ಒಡೆದ ಪೈಪ್. ಸೈಕಲ್ ಟ್ಯೂಬ್ ಸೀಳಿ ಎಳೆದು ಬಿಗಿಯಾಗಿ ಕಟ್ಟಿದ್ರೆ ಒಂದೆರಡು ದಿನ ತಳ್ಳಬಹುದು, ಅಷ್ಟೇ. ಒಡೆದ ಭಾಗ ನೇರವಾಗಿ ಕತ್ತರಿಸಿ, ಅಂಚಿನ ಸಿಬಿರು ಕೆರೆದು ತೆಗೆಯಿರಿ. ಪೈಪ್ ಪೂರ್ತಿ ಒಣಗಿರಬೇಕು. ವಾಲ್ವ್ ಸರಿಯಾಗಿ ಮುಚ್ಚದೆ ನೀರು ಜಿನುಗ್ತಾ ಇದ್ರೆ ಪ್ಲಂಬರ್‌ಗಳ ಒಂದು ಉಪಾಯ ಇದೆ. ಬ್ರೆಡ್ಡಿನ ಬಿಳಿ ಭಾಗ ಉಂಡೆ ಮಾಡಿ ಪೈಪೊಳಗೆ ತುರುಕಿ. ಆಮೇಲೆ ಅದು ಕರಗಿ ನಲ್ಲಿಯಲ್ಲಿ ಬಂದುಬಿಡುತ್ತೆ. ಬಟ್ಟೆ ಮಾತ್ರ ತುರುಕಬೇಡಿ, ಒಳಗೇ ಸಿಕ್ಕಿಕೊಂಡೀತು.

ಪೈಪಿಗೂ ಕಪ್ಲಿಂಗ್ ಒಳಗೂ ತೆಳುವಾಗಿ ಸಲ್ಯೂಷನ್ ಹಚ್ಚಿ, ಕಾಲು ಸುತ್ತು ತಿರುಗಿಸುತ್ತಾ ಪೂರ್ತಿ ಒಳಗೆ ತಳ್ಳಿ, ಅರ್ಧ ನಿಮಿಷ ಹಾಗೇ ಒತ್ತಿ ಹಿಡಿಯಿರಿ. ನೆಲದೊಳಗಿನ ಪೈಪಾದರೆ ಎರಡೂ ಕಡೆ ಉದ್ದಕ್ಕೆ ಮಣ್ಣು ಬಿಡಿಸಬೇಕು. ಪೈಪ್ ಸ್ವಲ್ಪ ಬಾಗದಿದ್ರೆ ಕಪ್ಲಿಂಗ್ ಕೂರಿಸೋಕೇ ಆಗಲ್ಲ. ಜಾಗ ಇಲ್ಲದ ಕಡೆ ಯೂನಿಯನ್ ಹಾಕೋದು ಮೇಲು. ಸೋಲಾರ್ ಬಿಸಿನೀರಿನ ಸಿಪಿವಿಸಿ ಪೈಪಿಗೆ ಬೇರೆಯದೇ ಸಲ್ಯೂಷನ್ ಬರುತ್ತೆ, ಕೇಳಿ ತನ್ನಿ.

ಅಂಗಡಿಗೆ ಹೋಗೋ ಮುಂಚೆ ಪೈಪ್ ಮೇಲೆ ಅಚ್ಚಾಗಿರೋ ಅಕ್ಷರಗಳ ಫೋಟೋ ತೆಗೆದುಕೊಳ್ಳಿ. ತೋಟದ ಪಿವಿಸಿ ಪೈಪನ್ನು ಹೊರ ಅಳತೆಯ ಮೇಲೆ ಎಂ.ಎಂ. ಲೆಕ್ಕದಲ್ಲಿ ಕರೀತಾರೆ, ಮನೆಯ ಯುಪಿವಿಸಿ ಇಂಚಿನ ಲೆಕ್ಕ. 25 ಎಂ.ಎಂ. ಪೈಪ್ ಹೊರಗೆ 25 ಎಂ.ಎಂ. ಇದ್ರೆ, ಮುಕ್ಕಾಲು ಇಂಚಿನದು ಹೊರಗೆ ಸುಮಾರು 26.7. ಕಣ್ಣಿಗೆ ಒಂದೇ ಥರ ಕಂಡರೂ ಒಂದರ ಕಪ್ಲಿಂಗ್ ಇನ್ನೊಂದಕ್ಕೆ ಕೂರಲ್ಲ. ಹಳೇ ತುಂಡು ಜೊತೆಗೇ ಒಯ್ದರೆ ಇನ್ನೂ ಒಳ್ಳೇದು.

ನಾನು ಸಂಜೆ ಜಾಯಿಂಟ್ ಹಾಕಿ, ರಾತ್ರಿಯೆಲ್ಲ ಬಿಟ್ಟು, ಬೆಳಿಗ್ಗೆ ನೀರು ಹರಿಸ್ತೀನಿ. ಮೋಟರ್ ಲೈನ್ ಆದ್ರೆ ಆಟೋ ಸ್ಟಾರ್ಟರ್ ಮೊದಲೇ ಆಫ್ ಮಾಡಿ. ಇಲ್ಲಾಂದ್ರೆ ನಡುರಾತ್ರಿ ಕರೆಂಟ್ ಬಂದ ಕೂಡಲೇ ಮೋಟರ್ ಓಡಿ, ಹಸಿ ಜಾಯಿಂಟ್ ಕಿತ್ತುಕೊಂಡು ಹೋಗುತ್ತೆ.